ಅತ್ತೆಯನ್ನು ಕಚ್ಚುತ್ತಿದ್ದ ನಳ

ನಮ್ಮ ಅತ್ತೆಗೆ ಎಪ್ಪತ್ನಾಲ್ಕು ವರ್ಷ. ಹೋದ ಚಳಿಗಾಲದಲ್ಲಿ ಅವರು ಬಚ್ಚಲಿನಿಂದ ಹೊರಬಂದಾಗಲೆಲ್ಲ ಬಲಗೈಯನ್ನು ತಿಕ್ಕಿಕೊಳ್ಳುತ್ತ ಒಂದೇ ಮಾತು ಹೇಳುತ್ತಿದ್ದರು: "ಆ ನಳ ಕಚ್ಚತೈತಿ ನೋಡವ್ವಾ. ಜುಮ್ ಅಂತೈತಿ."

ನಾವು ನಂಬಲಿಲ್ಲ. ಅತ್ತೆಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಕೈಕಾಲು ಜೋಮು ಹಿಡಿಯುವುದು ಹೊಸದಲ್ಲ. ನನ್ನ ಗಂಡ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನರಗಳಿಗೆ ಶಕ್ತಿ ಬರಲೆಂದು ಗುಳಿಗೆ ಬರೆದುಕೊಟ್ಟರು. ಅತ್ತೆ ಗುಳಿಗೆ ನುಂಗಿದರು, ನಳ ಕಚ್ಚುವುದು ನಿಲ್ಲಲಿಲ್ಲ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹತ್ತನೆಯ ತರಗತಿಗೆ ವಿದ್ಯುತ್ತಿನ ಪಾಠ ಮಾಡುವಾಗ ಅರ್ಥಿಂಗ್ ತಂತಿಯನ್ನು ಪ್ರತಿವರ್ಷ ಹಸಿರು ಸುಣ್ಣದ ಕಡ್ಡಿಯಿಂದಲೇ ಬರೆಯುತ್ತೇನೆ. ಅಂಥ ನಾನು, ಧಾರವಾಡದ ನನ್ನದೇ ಮನೆಯ ಬಚ್ಚಲಿನಲ್ಲಿ ಏನಾಗುತ್ತಿದೆ ಎಂದು ಒಮ್ಮೆಯೂ ಯೋಚಿಸಲಿಲ್ಲ.

ಒಂದು ಭಾನುವಾರ ಮುಂಜಾನೆ ತಲೆಸ್ನಾನಕ್ಕೆ ಹೋದೆ. ಬಚ್ಚಲಿನ ರಬ್ಬರ್ ಚಪ್ಪಲಿಯ ಬಾರು ಹರಿದಿತ್ತು, ಬರಿಗಾಲಲ್ಲೇ ಒಳಗೆ ನಡೆದೆ. ಗೀಸರ್ ಇನ್ನೂ ಚಾಲೂ ಇತ್ತು. ತೊಯ್ದ ಕೈಯಿಂದ ನಳ ತಿರುಗಿಸಿದ್ದೇ ತಡ, ಮೊಣಕೈವರೆಗೆ ಯಾರೋ ಹೊಡೆದಂತಾಯಿತು. ಕೈ ತಾನಾಗಿಯೇ ಹಿಂದಕ್ಕೆ ಬಂತು. ನೋವಿಗಿಂತ ಮೊದಲು ನೆನಪಾದದ್ದು ಅತ್ತೆಯ ಮಾತು. ಸೀರೆ ಸುತ್ತಿಕೊಂಡು, ಕಾಲು ಒರೆಸಿಕೊಂಡು ಹೊರಬಂದು, ಮೊದಲು ಮನೆಯ ಮೇನ್ ಸ್ವಿಚ್ ಆರಿಸಿದೆ. ಆಮೇಲೆ ಅತ್ತೆಯ ಮುಂದೆ ನಿಂತು, "ನೀವು ಹೇಳಿದ್ದು ಖರೇ ಐತ್ರಿ. ನನಗೂ ಹೊಡೀತು" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಕ್ಕರಿ ನನಗೈತವ್ವಾ, ನಳಕ್ಕಿಲ್ಲ" ಎಂದರು.

ಓಣಿಯಲ್ಲಿ ಎಲ್ಲರ ಮನೆಯ ಫ್ಯಾನು, ಲೈಟು ನೋಡುವ ಒಬ್ಬರಿದ್ದರು. ಅವರನ್ನೇ ಕರೆಸಿದೆವು. ಅವರು ಮೇನ್ ಮತ್ತು ಗೀಸರ್ ಹಾಕಿಸಿ ನಳಕ್ಕೆ ಟೆಸ್ಟರ್ ಹಚ್ಚಿದರು. ಅದರ ಪುಟ್ಟ ದೀಪ ಕೆಂಪಗೆ ಹೊತ್ತಿತು. "ಹಳೇ ಮನ್ಯಾಗ ಇಷ್ಟು ಇದ್ದದ್ದರೀ. ಚಪ್ಪಲ್ ಹಾಕ್ಕೊಂಡು ಜಳಕಾ ಮಾಡ್ರಿ, ಏನೂ ಆಗಂಗಿಲ್ಲ" ಎಂದು ಹೊರಟುಹೋದರು. ನನ್ನ ಗಂಡ ಸಮಾಧಾನಗೊಂಡರು. ನಾನು ಗೀಸರಿನ ಸ್ವಿಚ್ಚಿನ ಮೇಲೆ ಟೇಪು ಅಂಟಿಸಿ, ಒಲೆಯ ಮೇಲೆ ನೀರು ಕಾಯಿಸಲು ಇಟ್ಟೆ.

ಮರುದಿನ ಶಾಲೆಯಿಂದ ಬರುವಾಗ ವೈರು, ಸ್ವಿಚ್ಚು ಮಾರುವ ಅಂಗಡಿಯ ಹತ್ತಿರ ಬಸ್ಸಿಳಿದೆ. ನಡೆದದ್ದನ್ನೆಲ್ಲ ಹೇಳಿ, ನಿಮ್ಮ ಮನೆಯ ಕೆಲಸಕ್ಕೆ ಯಾರನ್ನು ಕರೆಯುತ್ತೀರಿ ಎಂದು ಅಂಗಡಿಯವರನ್ನು ಕೇಳಿದೆ. ಅವರು ಹತ್ತಿರದ ಮುಗದ ಊರಿನ ಒಬ್ಬರ ನಂಬರು ಕೊಟ್ಟರು. ಇಲ್ಲೇ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಹದಿನೈದು ವರ್ಷ ವೈರಿಂಗ್ ನೋಡಿಕೊಂಡಿದ್ದವರು, ಪರವಾನಗಿ ಇದ್ದವರು, ಈಗ ಸ್ವಂತ ಕೆಲಸ ಮಾಡುತ್ತಾರೆ ಎಂದರು.

ಮರುದಿನ ರಜೆ ಹಾಕಿ ಅವರನ್ನು ಕರೆಸಿದೆ. ಬಂದಾಗ ಬಿಸಿಲು ಏರಿತ್ತು. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಚೀಲ ಕೆಳಗಿಟ್ಟರು, ಬಿಚ್ಚಲಿಲ್ಲ. ನಾನು ವಿವರಿಸಲು ಹೊರಟರೆ ಕೈ ಮಾಡಿ ತಡೆದು, "ಮೊದಲ ಯಾರಿಗೆ ಹೊಡೀತ್ರಿ?" ಎಂದು ಕೇಳಿ ಅತ್ತೆಯ ಎದುರಿಗೇ ಕುಳಿತರು.

"ಅವ್ವಾರ, ಯಾವಾಗ ಜುಮ್ ಅಂತಿತ್ರಿ? ಗೀಸರ್ ಹಚ್ಚಿದಾಗ ಅಷ್ಟ ಏನು?"

"ಹೂಂನಪ್ಪಾ. ನನಗ ನೀರು ಸುಡಸುಡ ಬೇಕು. ಹಚ್ಚೇ ಇಟ್ಟಿರ್ತೇನಿ. ಇವರೆಲ್ಲಾ ಆರಿಸಿ ಒಳಗ ಹೋಗ್ತಾರ."

"ಚಪ್ಪಲ್?"

"ಬಚ್ಚಲದಾಗ ಚಪ್ಪಲ್ ಯಾಕ? ಜಾರಿ ಬೀಳಾಕ?"

ಅವರು ನನ್ನ ಕಡೆ ತಿರುಗಿದರು. "ಟೀಚರ, ಅವ್ವಾರು ಎಲ್ಲಾ ಸರಿಯಾಗಿ ಹೇಳ್ಯಾರ್ರಿ." ಅಷ್ಟು ತಿಂಗಳಲ್ಲಿ ನಾನು ಈ ಎರಡು ಪ್ರಶ್ನೆ ಕೇಳಿರಲಿಲ್ಲ.

ಮೇನ್ ಆರಿಸಿ, ಕರೆಂಟು ಹೋಗಿದೆಯೆಂದು ಇನ್ನೊಮ್ಮೆ ಪರೀಕ್ಷಿಸಿಯೇ ಗೀಸರ್ ಬಿಚ್ಚಿದರು. ನೀರು ಕಾಯಿಸುವ ಸುರುಳಿಯ ಮೇಲೆ ಗಡಸುನೀರಿನ ಬಿಳಿ ಹಕ್ಕಳೆ. ಸುರುಳಿಯೇ ಒಂದು ಕಡೆ ಸೀಳಿ, ಕರೆಂಟು ನೀರಿಗೆ ಸೋರುತ್ತಿತ್ತು. ಗೋಡೆಯ ಸಾಕೆಟ್ ತೆಗೆದರೆ ಅರ್ಥಿಂಗಿನ ಹಸಿರು ತಂತಿಯನ್ನು ಕತ್ತರಿಸಿ, ಮುದುರಿ, ಮೂಲೆಗೆ ತುರುಕಿದ್ದರು. ಎರಡು ವರ್ಷದ ಹಿಂದೆ ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿದ್ದೆವು. ಆಗಿನ ಕೆಲಸವದು. ಕಣ್ಣಿಗೆ ಕಂಡದ್ದು ಚಂದದ ಟೈಲ್ಸ್ ಮಾತ್ರ.

ಆಮೇಲೆ ಕರೆಂಟು ಹಾಕಿ, ಬಲ್ಬೊಂದಕ್ಕೆ ಎರಡು ವೈರು ಜೋಡಿಸಿ ಒಂದೊಂದೇ ಕೋಣೆಯ ಸಾಕೆಟ್ಟಿನ ಕರೆಂಟು ಮತ್ತು ಅರ್ಥಿಂಗಿನ ತೂತಿಗೆ ಹಚ್ಚಿದರು. ಅರ್ಥಿಂಗ್ ಸರಿಯಿದ್ದರೆ ಬಲ್ಬು ಜೋರಾಗಿ ಉರಿಯಬೇಕು. ನಮ್ಮದು ಎಲ್ಲೆಡೆ ಮಿಣಮಿಣ.

"ಸೋರಿದ ಕರೆಂಟಿಗೆ ಮಣ್ಣಿಗೆ ಹೋಗಾಕ ದಾರಿ ಬೇಕ್ರಿ. ನಿಮ್ಮ ಮನ್ಯಾಗ ಆ ದಾರಿನ ಇಲ್ಲ. ಹಂಗಾಗಿ ಅದು ಅವ್ವಾರ ಮೈಯಾಗ ಹಾಯ್ದು ಹೊಂಟಿತ್ತು. ಅರ್ಥಿಂಗಿನ ಗುಂಡಿ ಎಲ್ಲೈತ್ರಿ?"

ನನಗೂ ನನ್ನ ಗಂಡನಿಗೂ ಗೊತ್ತಿರಲಿಲ್ಲ. ಅತ್ತೆ ಕೋಲು ಊರಿಕೊಂಡು ಎದ್ದರು. ಹಿತ್ತಲಿಗೆ ಹೋಗಿ ಗೋಡೆಯಿಂದ ನಾಲ್ಕು ಹೆಜ್ಜೆ ಎಣಿಸಿ, ನೆಲಕ್ಕೆ ಹಾಸಿದ ಫರಸಿ ಕಲ್ಲೊಂದನ್ನು ಕೋಲಿನಿಂದ ಕುಟ್ಟಿದರು. "ಇಲ್ಲೇ. ಮನಿ ಕಟ್ಟಿದಾಗ ನಿಮ್ಮ ಮಾವ ದಿನಾ ಒಂದ ಕೊಡ ನೀರು ಹಾಕು ಅಂತಿದ್ರು. ನೀವು ಫರಸಿ ಹಾಸಿದ ಮ್ಯಾಲ ಎಲ್ಲಿ ಹಾಕ್ಲಿ?"

ಕಲ್ಲು ಎಬ್ಬಿಸಿ ಅಗೆದಾಗ ಮಣ್ಣು ಬೂದಿಯಂತೆ ಒಣಗಿತ್ತು. ಒಳಗೆ ಹೂತಿದ್ದ ಕೊಳವೆಗೆ ಕಟ್ಟಿದ್ದ ತಂತಿ ಮುಟ್ಟಿದೊಡನೆ ಮುರಿದು ಕೈಗೆ ಬಂತು. ಅದನ್ನು ಹಿಡಿದು ಲೆಕ್ಕ ಹಾಕಿದೆ. ಮೂರು ತಿಂಗಳು ಈ ವಯಸ್ಸಿನ ಅತ್ತೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಆ ನಳ ತಿರುಗಿಸಿದ್ದರು. ಏನಾದರೂ ಆಗಿದ್ದರೆ, ಸಕ್ಕರೆ ಕಾಯಿಲೆ ಇತ್ತು, ಬಚ್ಚಲಿನಲ್ಲಿ ಬಿದ್ದರು ಎಂದು ನಾವೇ ಊರಿಗೆಲ್ಲ ಹೇಳುತ್ತಿದ್ದೆವು.

ಕೆಲಸ ಎರಡು ದಿನ ಹಿಡಿಯಿತು. ಹೊಸ ಕೊಳವೆ, ಅದರ ಸುತ್ತ ಇದ್ದಿಲು, ಉಪ್ಪು, ಮಣ್ಣು. ನೀರು ಹೊಯ್ಯಲು ಮೇಲೊಂದು ತೆರೆದ ಬಾಯಿ. ಬಚ್ಚಲಿನ ಸಾಕೆಟ್ಟಿಗೆ ಹಸಿರು ತಂತಿ ಮರಳಿ ಬಂತು. ಗೀಸರಿಗೆ ಹೊಸ ಸುರುಳಿ ಬಂತು. ಮೇನ್ ಬೋರ್ಡಿನಲ್ಲಿ, ಕರೆಂಟು ತುಸು ಸೋರಿದರೂ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ತಾನೇ ಬಿದ್ದು ಕರೆಂಟು ಕಡಿಯುವ ಸ್ವಿಚ್ಚೊಂದನ್ನು ಕೂರಿಸಿದರು. ಅದರಲ್ಲೊಂದು ಪುಟ್ಟ ಗುಂಡಿ ಇತ್ತು. ಅದನ್ನು ತೋರಿಸಲು ಅವರು ಕರೆದದ್ದು ಅತ್ತೆಯನ್ನು.

"ಒತ್ರಿ ಅವ್ವಾರ."

ಅತ್ತೆ ಹೆದರುತ್ತ ಒತ್ತಿದರು. ಟಕ್ ಎಂದಿತು; ಫ್ಯಾನು, ಫ್ರಿಜ್ಜು ಎಲ್ಲ ನಿಂತವು. "ಅಯ್ಯ, ಕೆಡಿಸಿದೆನೇನೋ!" ಎಂದು ಕೈ ಹಿಂದೆ ತೆಗೆದುಕೊಂಡರು.

"ಇಲ್ರಿ, ಇದು ಛಲೋ ಐತಿ ಅಂತ ತಿಳ್ಕೊಳ್ಳೂದ ಹಿಂಗ. ತಿಂಗಳಿಗೊಮ್ಮೆ ಒತ್ರಿ. ಬೀಳಲಿಲ್ಲಂದ್ರ ನನಗ ಲಗೂನ ಫೋನ್ ಮಾಡ್ರಿ. ಮತ್ತ ಪದೇ ಪದೇ ಬೀಳಾಕತ್ತಿದ್ರ ಯಾರರ ಇದನ್ನ ತಗಸ್ರಿ ಅಂದ್ರ ತಗಸಬ್ಯಾಡ್ರಿ. ಎಲ್ಲಿ ಸೋರಾಕತ್ತೈತಿ ಅಂತ ಹುಡುಕಸ್ರಿ."

ಮರುದಿನ ಮುಂಜಾನೆ ಗೀಸರ್ ಹಚ್ಚಿ, ರಬ್ಬರ್ ಚಪ್ಪಲಿ ಹಾಕಿಕೊಂಡು ನಾನೇ ಮೊದಲು ನಳಕ್ಕೆ ಟೆಸ್ಟರ್ ಇಟ್ಟೆ. ಹೊತ್ತಲಿಲ್ಲ. ಗೀಸರ್ ಆರಿಸಿದೆ. ಅತ್ತೆಗೆ ಇನ್ನು ಆರಿಸಿಯೇ ಸ್ನಾನ ಮಾಡಬೇಕೆಂದು ಹೇಳಿದೆ. ಅಷ್ಟಕ್ಕೆ ಒಪ್ಪಿದರು, ಚಪ್ಪಲಿಗೆ ಒಪ್ಪಲಿಲ್ಲ. ಅವರು ಒಳಗೆ ಹೋದ ಮೇಲೆ ನಾನು ಬಾಗಿಲಿಗೆ ಕಿವಿಯಾನಿಸಿ ನಿಂತೆ. ನಳ ತಿರುಗಿದ ಸದ್ದು. ಆಮೇಲೆ ಏನೂ ಇಲ್ಲ.

"ಏನಾತ್ರಿ?" ಎಂದು ಕೂಗಿದೆ.

"ಏನೂ ಆಗಲಿಲ್ಲವ್ವಾ" ಎಂದರು ಒಳಗಿನಿಂದ. "ಬರೇ ನಳ ಐತಿ."

ನಾನು ಅಲ್ಲಿಯೇ ಗೋಡೆಗೆ ಒರಗಿ ಕುಳಿತೆ. ಒಳಗೆ ತಂಬಿಗೆಯ ಮೇಲೆ ತಂಬಿಗೆ ನೀರು ಬೀಳುತ್ತಿತ್ತು. ಬಸ್ಸಿಗೆ ಹೊತ್ತಾಗಿತ್ತು, ನಾನು ಏಳಲಿಲ್ಲ.