ಚಂದ್ರಮೌಳಿಯವರು ಪ್ರೊಜೆಕ್ಟರ್ ಕೊಂಡದ್ದು

ಮಂಗಳಗಿರಿಯಲ್ಲಿ ಹೆಂಡತಿಗೆ ಸೀರೆ ಕೊಳ್ಳಲು ಹೋದರೆ ಚಂದ್ರಮೌಳಿಯವರು ಪ್ಲಾಸ್ಟಿಕ್ ಕವರಿನಲ್ಲಿ ಒದ್ದೆ ಕರವಸ್ತ್ರ ಇಟ್ಟುಕೊಂಡೇ ಅಂಗಡಿ ಹತ್ತುತ್ತಾರೆ. ಅಂಗಡಿಯವನು ಕಾಫಿ ತರಿಸಲು ಆ ಕಡೆ ತಿರುಗಿದ ಕೂಡಲೇ ಅದನ್ನು ಸೆರಗಿನ ಅಂಚಿಗೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡುತ್ತಾರೆ. ರೈತು ಬಜಾರಿನಿಂದ ತಂದ ಬದನೆಕಾಯಿಯನ್ನು ಮನೆಯಲ್ಲಿ ಮತ್ತೊಮ್ಮೆ ತೂಗುತ್ತಾರೆ. ಒಬ್ಬ ಡಾಕ್ಟರು ಬರೆದ ಮಾತ್ರೆಯನ್ನು ಇನ್ನೊಬ್ಬ ಡಾಕ್ಟರಿಗೆ ತೋರಿಸದೆ ನುಂಗುವುದಿಲ್ಲ. ಮನುಷ್ಯ ಕೆಟ್ಟವರಲ್ಲ, ಯಾರಿಗೂ ಒಂದು ಪೈಸೆ ಮೋಸ ಮಾಡಿದವರಲ್ಲ. ಉಳಿದವರೆಲ್ಲ ತಮಗೆ ಮೋಸ ಮಾಡಲು ಹೊಂಚು ಹಾಕುತ್ತಿದ್ದಾರೆ ಎಂದು ನಂಬಿದ್ದಾರೆ, ಅಷ್ಟೇ.

ತಿಪಟೂರಿನ ಕಡೆಯವರಾದ ಅವರು ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಹೀಗಿರಲಿಲ್ಲವಂತೆ. ಆಗ ಪರಿಚಯದವನೊಬ್ಬನ ಮುಖ ನೋಡಿ, ಸಹಿ ತಾಳೆ ನೋಡದೆ ಒಂದು ಚೆಕ್ಕು ಪಾಸು ಮಾಡಿದರು. ಸಹಿ ಖೋಟಾ ಆಗಿತ್ತು. ಎಂಟು ತಿಂಗಳು ವಿಚಾರಣೆ ನಡೆದು, ಕೊನೆಗೆ ಇವರದೇನೂ ತಪ್ಪಿಲ್ಲ ಎಂದಾಯಿತು. ಆದರೆ ಆ ಎಂಟು ತಿಂಗಳು ಜೊತೆಯವರು ಊಟದ ಡಬ್ಬಿ ಎತ್ತಿಕೊಂಡು ಬೇರೆ ಟೇಬಲಿಗೆ ಹೋಗುತ್ತಿದ್ದುದು ಅವರ ಎದೆಯಲ್ಲಿ ಮುಳ್ಳಾಗಿ ಕೂತುಬಿಟ್ಟಿತು. ಅಂದಿನಿಂದ ಮುಖ ನೋಡಿ ನಂಬುವುದನ್ನು ಬಿಟ್ಟರು.

ವಿಜಯವಾಡದ ಶಾಖೆಯಲ್ಲಿದ್ದಾಗ ಅಲ್ಲಿನ ಪಟಮಟ ಬಡಾವಣೆಯ ಕನ್ನಡ-ತೆಲುಗು ಮನೆತನದ ಭ್ರಮರಾಂಬರನ್ನು ಮದುವೆಯಾದರು. ಆಕೆಗೆ ಒಡಹುಟ್ಟಿದವನೆಂದರೆ ಕಾಮೇಶ್ವರ ಒಬ್ಬನೇ. ವಿಜಯವಾಡದಲ್ಲಿ ಟಿ.ವಿ., ಮೈಕು, ಪ್ರೊಜೆಕ್ಟರ್ ಮಾರುವ ಅಂಗಡಿ ಅವನದು. ಒಮ್ಮೆ ಅಕ್ಕನಿಗೆಂದು ಅಸಲು ಬೆಲೆಗೆ ಟಿ.ವಿ. ಕೊಟ್ಟ. ಚಂದ್ರಮೌಳಿಯವರು ಅದರ ನಂಬರು ಹಿಡಿದು ಕಂಪನಿಗೆ ಫೋನು ಮಾಡಿ, ಇದು ಹೊಸದೋ ಯಾರೋ ವಾಪಸು ಕೊಟ್ಟದ್ದೋ ಎಂದು ವಿಚಾರಿಸಿದರು. ಸುದ್ದಿ ಸುತ್ತಿ ಬಳಸಿ ಕಾಮೇಶ್ವರನ ಕಿವಿಗೇ ಬಿತ್ತು. ಒಂದು ವರ್ಷ ಅವನು ಅಕ್ಕನ ಮನೆಯ ಹೊಸಿಲು ತುಳಿಯಲಿಲ್ಲ. ಭ್ರಮರಾಂಬ ತಾವೇ ಹೋಗಿ ಅತ್ತು ಕರೆದು, ಹೇಗೋ ಮತ್ತೆ ಬರುವಂತೆ ಮಾಡಿದ್ದರು.

ಈಗ ಚಂದ್ರಮೌಳಿಯವರು ವಿಶಾಖಪಟ್ಟಣದ ಪ್ರಾದೇಶಿಕ ಕಚೇರಿಯಲ್ಲಿ ಸೀನಿಯರ್ ಮ್ಯಾನೇಜರ್. ಏಳನೇ ಮಹಡಿಯ ಮೀಟಿಂಗ್ ಹಾಲಿಗೆ ಹೊಸ ಪ್ರೊಜೆಕ್ಟರ್ ಕೊಳ್ಳುವ ಕೆಲಸ ಅವರ ತಲೆಯ ಮೇಲೆ ಬಿತ್ತು. ಊರ ಹೊರಗಿನ ಪರವಾಡದ ಔಷಧಿ ಕಾರ್ಖಾನೆಗಳ ಮಾಲೀಕರನ್ನು ಕರೆಸಿ, ಬ್ಯಾಂಕಿನ ಸಾಲದ ಯೋಜನೆಗಳನ್ನು ತೆರೆಯ ಮೇಲೆ ತೋರಿಸಬೇಕೆಂದು ಪ್ರಾದೇಶಿಕ ಮುಖ್ಯಸ್ಥೆ ಮಾಧವೀಲತಾ ನಿಶ್ಚಯಿಸಿದ್ದರು. ನಿಯಮದ ಪ್ರಕಾರ ಮೂರು ಕೊಟೇಶನ್ ಬೇಕು. ಎರಡು ಬಂದವು, ಮೂರನೆಯವನು ಕೈಕೊಟ್ಟ. ದಿನ ಹತ್ತಿರ ಬಂದಿತ್ತು. ಬೇರೆ ದಾರಿ ಕಾಣದೆ ಅವರು ಭಾವಮೈದುನನ ಹೆಸರು ಎತ್ತಿದರು.

ಭ್ರಮರಾಂಬರ ಮುಖ ಸಪ್ಪಗಾಯಿತು. "ಏವಂಡಿ, ತಗೊಳ್ಳೋದಾದ್ರೆ ಕರೀರಿ, ಇಲ್ಲಾಂದ್ರೆ ಬೇಡ. ನನ್ನ ತಮ್ಮನ್ನ ಇನ್ನೊಂದು ಸಲ ಕಳ್ಳನ ಥರ ನಿಲ್ಲಿಸಿ ನೋಡಬೇಡಿ. ಈ ಸಲ ಮುನಿಸಿಕೊಂಡು ಹೋದ್ರೆ ನಾನು ಕರೆದ್ರೂ ಬರಲ್ಲ ಅವನು."

"ನಾನೇನು ಮಾಡ್ತೀನಿ? ನಿಯಮ ಏನಿದೆಯೋ ಅದು" ಎಂದರು ಚಂದ್ರಮೌಳಿಯವರು.

ಫೈಲಿನಲ್ಲಿ 'ಮೂರನೇ ಕೊಟೇಶನ್ನಿನವರು ನನ್ನ ಪತ್ನಿಯ ತಮ್ಮ' ಎಂದು ದಪ್ಪ ಅಕ್ಷರದಲ್ಲಿ ಬರೆದು, ಮಾಧವೀಲತಾ ಅವರ ಒಪ್ಪಿಗೆಯನ್ನೂ ಪಡೆದರು. ಅಷ್ಟಾದ ಮೇಲೆ ಸುಮ್ಮನಿರಬಹುದಿತ್ತು, ಆದರೆ ಸುಮ್ಮನಿರುವುದು ಅವರ ಜಾಯಮಾನವಲ್ಲ. ಕೊಟೇಶನ್ ಕಾಗದಗಳನ್ನು ಬೆಳಕಿಗೆ ಹಿಡಿದು ನೋಡಿದರು, ಮೂರೂ ಒಂದೇ ಪ್ರಿಂಟರಿನಿಂದ ಬಂದಿರಬಹುದೇ ಎಂದು. ಅಗ್ಗದ ಕೊಟೇಶನ್ ಕೊಟ್ಟವನು ಸಾಯಿಕಿರಣ್ ಎಂಬ ಮಾರಾಟಗಾರ. ಅವನ ಕಾಗದದಲ್ಲಿ ಬೆಳಕಿನ ಅಳತೆ ಒಂಬತ್ತೂವರೆ ಸಾವಿರ ಲೂಮೆನ್ಸ್ ಎಂದಿತ್ತು. ಕಾಮೇಶ್ವರನದರಲ್ಲಿ ನಾಲ್ಕು ಸಾವಿರ, ಬೆಲೆ ಮಾತ್ರ ಜಾಸ್ತಿ. ಅರ್ಧಕ್ಕಿಂತ ಕಡಿಮೆ ಬೆಳಕಿಗೆ ಹೆಚ್ಚು ಬೆಲೆ ಹೇಳಿದ್ದಾನಲ್ಲ, ನೆಂಟಸ್ತಿಕೆಯ ಧೈರ್ಯ ಎಂದುಕೊಂಡರು.

ಕಾಮೇಶ್ವರ ಫೋನಿನಲ್ಲಿ ತಾಳ್ಮೆಯಿಂದ ಹೇಳಿದ. "ಬಾವಗಾರು, ಪೆಟ್ಟಿಗೆ ಮೇಲಿನ ನಂಬರ್ ನೋಡಬೇಡಿ. ಕೆಲವರು ಒಳಗಿರೋ ದೀಪದ ಬೆಳಕನ್ನ ಬರೀತಾರೆ. ನಮಗೆ ಬೇಕಾದ್ದು ತೆರೆ ಮೇಲೆ ಎಷ್ಟು ಬೀಳುತ್ತೆ ಅನ್ನೋದು. ಅದಕ್ಕೆ ಆನ್ಸಿ ಲೂಮೆನ್ಸ್ ಅಂತಾರೆ. ಆನ್ಸಿ ಎಷ್ಟು ಅಂತ ಅವರನ್ನ ಕೇಳಿ. ಇನ್ನೊಂದು ಮಾತು, ನಿಮ್ಮ ಹಾಲಿಗೆ ಪೂರ್ವಕ್ಕೆ ಪೂರ್ತಿ ಗಾಜು. ಮೆಷೀನುಗಳನ್ನ ಅಲ್ಲೇ ಓಡಿಸಿ ನೋಡೋ ಟೆಸ್ಟನ್ನ ಬೆಳಗ್ಗೆ ಹನ್ನೊಂದಕ್ಕೆ ಇಟ್ಕೊಳ್ಳಿ."

"ಗಾಜು ಇರೋದು ನಿನಗೆ ಹೇಗೆ ಗೊತ್ತು?"

"ಅಕ್ಕ ಹೇಳಿದ್ಲು."

ಚಂದ್ರಮೌಳಿಯವರ ಕಿವಿ ನಿಮಿರಿತು. ಕಚೇರಿಯ ವಿಷಯ ಮನೆಯಿಂದ ಸೋರುತ್ತಿದೆ. ಅದೂ ಅಲ್ಲದೆ ಬೆಳಗ್ಗೆಯೇ ಯಾಕೆ? ಹಗಲು ಬೆಳಕಿನಲ್ಲಿ ತನ್ನ ಮೆಷೀನೇ ಗೆಲ್ಲುತ್ತದೆ ಎಂದು ಇವನಿಗೆ ಗೊತ್ತಿರಬೇಕು! ಈ ಊಹೆ ಅಕ್ಷರಶಃ ನಿಜವಾಗಿತ್ತು. ಹಾಗೆ ಗೆಲ್ಲುವ ಮೆಷೀನೇ ಬ್ಯಾಂಕಿಗೆ ಬೇಕಾದದ್ದು ಎಂಬ ಇನ್ನೊಂದು ಹೆಜ್ಜೆ ಮಾತ್ರ ಅವರ ತಲೆ ಮುಂದಿಡಲಿಲ್ಲ. ಭಾನುವಾರವಿಡೀ ಇಂಟರ್ನೆಟ್ಟಿನಲ್ಲಿ ಓದಿದರು. ಎಲ್ಲ ಕಡೆಯೂ ಕಾಮೇಶ್ವರ ಹೇಳಿದ್ದನ್ನೇ ಬರೆದಿದ್ದರು. ಬರೆದವರೂ ಪ್ರೊಜೆಕ್ಟರ್ ಮಾರುವವರೇ ಎಂದು ಕಂಡುಹಿಡಿದು, ಫೋನು ಪಕ್ಕಕ್ಕಿಟ್ಟರು, ಆನ್ಸಿ ಎಷ್ಟೆಂದು ಸಾಯಿಕಿರಣನನ್ನು ಕೇಳಲೂ ಇಲ್ಲ.

ಟೆಸ್ಟನ್ನು ಡಿಸೆಂಬರಿನ ಒಂದು ಸಂಜೆ ಆರು ಗಂಟೆಗೆ ಇಟ್ಟರು. ಕಚೇರಿ ನಡೆಯುವ ಹೊತ್ತಿನಲ್ಲಾದರೆ ಓಡಾಡುವವರು ಯಾರಾದರೂ ಯಾವ ಮೆಷೀನು ಯಾರದೆಂದು ಕಣ್ಸನ್ನೆ ಮಾಡಿಯಾರು ಎಂಬ ಭಯ. ಮೂರು ಮೆಷೀನುಗಳ ಹೆಸರಿನ ಮೇಲೂ ಕಂದು ಟೇಪು ಅಂಟಿಸಿ ಒಂದು, ಎರಡು, ಮೂರು ಎಂದು ಬರೆಸಿದರು. ಮಾರುವವರನ್ನು ಕೆಳಗಿನ ಮಹಡಿಯಲ್ಲಿ ಕೂರಿಸಿದರು, ಕಾಮೇಶ್ವರನನ್ನು ಉಳಿದಿಬ್ಬರಿಂದ ದೂರ, ಲಿಫ್ಟಿನ ಪಕ್ಕ ಒಂದು ಸ್ಟೂಲಿನ ಮೇಲೆ. ಹೊರಗಿನವರು ನೋಡಬಾರದೆಂದು ಹಾಲಿನ ತೆಳು ಪರದೆಗಳನ್ನೂ ಎಳೆಸಿದರು. ಏಳನೇ ಮಹಡಿಯ ಆ ಕಿಟಕಿಗಳ ಎದುರಿಗಿದ್ದದ್ದು ಸಮುದ್ರ ಮಾತ್ರ.

ಕತ್ತಲೆಯಲ್ಲಿ ಮೂರೂ ಚೆನ್ನಾಗಿ ಕಂಡವು. ಅವರೂ ಜೊತೆಗಿದ್ದ ಇಬ್ಬರು ಅಧಿಕಾರಿಗಳೂ ಮೂರಕ್ಕೂ ಸಮ ಅಂಕ ಹಾಕಿದರು. ಅಂಕ ಸಮವಾದರೆ ಅಗ್ಗದ್ದನ್ನೇ ಕೊಳ್ಳಬೇಕೆಂಬುದು ನಿಯಮ, ಸಾಯಿಕಿರಣನ ಮೆಷೀನು ಗೆದ್ದಿತು. ಕೆಳಗೆ ಬಂದು ವಿಷಯ ತಿಳಿಸಿದಾಗ ಕಾಮೇಶ್ವರ ಸ್ಟೂಲಿನಿಂದ ಎದ್ದ. "ಸರೆ ಬಾವಗಾರು" ಎಂದಷ್ಟೇ ಹೇಳಿ, ತನ್ನ ಪೆಟ್ಟಿಗೆ ಎತ್ತಿಕೊಂಡು, ಅಕ್ಕನ ಮನೆಗೂ ಹೋಗದೆ ವಿಜಯವಾಡದ ರೈಲು ಹತ್ತಿದ. ಭ್ರಮರಾಂಬ ಅವನಿಗೆಂದು ಮಾಡಿದ್ದ ಪುಳಿಹೊರ ಹಾಗೇ ಉಳಿಯಿತು. ತಮ್ಮನನ್ನು ಸ್ಟೂಲಿನ ಮೇಲೆ ಬೇರೆಯಾಗಿ ಕೂರಿಸಿದ್ದರೆಂದು ತಿಳಿದ ಮೇಲೆ ಆಕೆ ಗಂಡನ ಜೊತೆ ಅಗತ್ಯವಿದ್ದಷ್ಟು ಮಾತ್ರ ಮಾತಾಡತೊಡಗಿದರು.

ಜನವರಿಯ ಒಂದು ಬೆಳಗ್ಗೆ ಹನ್ನೊಂದಕ್ಕೆ ಮೀಟಿಂಗು. ಪರವಾಡದಿಂದ ಇಪ್ಪತ್ತು ಜನ ಮಾಲೀಕರು ಬಂದರು. ಸಮುದ್ರದ ಮೇಲಿನ ಬಿಸಿಲು ಗಾಜಿನ ಗೋಡೆಯಿಂದ ನೇರ ತೆರೆಯ ಮೇಲೆ ಬಿತ್ತು. ಪರದೆ ಎಳೆದರು, ಆ ತೆಳು ಬಟ್ಟೆ ಬಿಸಿಲನ್ನು ಏನು ತಡೆದೀತು? ದೀಪ ಆರಿಸಿದರೂ ಪ್ರಯೋಜನವಾಗಲಿಲ್ಲ. ತೆರೆಯ ಮೇಲೆ ಅಂಕಿ ಇಲ್ಲ, ಗೆರೆ ಇಲ್ಲ, ಬಣ್ಣ ಇಲ್ಲ, ನೀರು ಹೆಚ್ಚಾದ ಮಜ್ಜಿಗೆಯಂತೆ ಒಂದು ಬಿಳುಪು ಮಾತ್ರ. ಮಾಧವೀಲತಾ ಕೈಯಲ್ಲಿ ಕೋಲು ಹಿಡಿದು ಕಾಣದ ಗ್ರಾಫನ್ನು ಐದು ನಿಮಿಷ ವಿವರಿಸಿದರು. ಕೊನೆಗೆ ಹಿರಿಯ ಮಾಲೀಕರೊಬ್ಬರು ಎದ್ದು, "ಮೇಡಂ, ಕಾಗದದಲ್ಲಿ ಕಳಿಸಿಬಿಡಿ, ಓದ್ಕೊಳ್ತೀವಿ" ಎಂದು ಕೈಮುಗಿದರು. ಚಂದ್ರಮೌಳಿಯವರಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಎಲ್ಲರೂ ಹೋದ ಮೇಲೆ ಮಾಧವೀಲತಾ ಫೈಲು ತೆರೆಸಿ ನೋಡಿದರು. ಬೈಯಲಿಲ್ಲ. "ಚಂದ್ರಮೌಳಿಗಾರು, ಎಷ್ಟು ಕಟ್ಟುನಿಟ್ಟಾಗಿ ಮಾಡಿದ್ದೀರಿ! ಬಂದವರನ್ನೆಲ್ಲ ಅನುಮಾನದಿಂದ ನೋಡಿದಿರಿ, ಹಾಲನ್ನ ಒಂದು ಸಲ ಹಗಲಿನಲ್ಲಿ ನೋಡಬಾರದಿತ್ತಾ?" ಎಂದು ತೆಲುಗಿನಲ್ಲಿ ಕೇಳಿದರು. ಆ ಮೆಷೀನನ್ನು ಕಿಟಕಿಯಿಲ್ಲದ ತರಬೇತಿ ಕೋಣೆಗೆ ಸಾಗಿಸಿ, ಬೇರೆಯದು ಕೊಳ್ಳಲು ಹೇಳಿದರು.

ಆ ಶನಿವಾರ ರಜೆಯಿತ್ತು. ಚಂದ್ರಮೌಳಿಯವರು ಬೆಳಗಿನ ರೈಲು ಹಿಡಿದು ವಿಜಯವಾಡಕ್ಕೆ ಹೋದರು. ಹೋಗುತ್ತೇನೆಂದಾಗ ಭ್ರಮರಾಂಬ, "ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳಿ. ಅಷ್ಟು ಸಾಕು" ಎಂದಿದ್ದರು. ಪಟಮಟದ ಮನೆಯಲ್ಲಿ ಕಾಮೇಶ್ವರನ ಹೆಂಡತಿ ದುರ್ಗಾಭವಾನಿ ಕಾಫಿ ಕೊಟ್ಟು ಒಳಗೆ ಹೋದಳು. ಚಂದ್ರಮೌಳಿಯವರು ಲೋಟ ಕೆಳಗಿಟ್ಟು ಹೇಳಿದರು: "ನೀನು ಹೇಳಿದ್ದೇ ಸರಿ ಕಾಮೇಶ. ನಂದು ತಪ್ಪಾಯ್ತು. ನಿನ್ನ ಮೆಷೀನೇ ಕೊಡು."

ಕಾಮೇಶ್ವರ ತಲೆಯಲ್ಲಾಡಿಸಿದ. "ನಾನು ಕೊಡಲ್ಲ ಬಾವಗಾರು. ಕೋಪಕ್ಕಲ್ಲ. ನಾನು ಕೊಟ್ರೆ ನೀವು ದಿನಾ ಅದನ್ನ ಆನ್ ಮಾಡುವಾಗ ನನ್ನ ಮುಖ ನೆನೆಸ್ಕೊಂಡು ಅನುಮಾನ ಪಡ್ತೀರಿ. ನಿಮ್ಮೂರಲ್ಲೇ ದ್ವಾರಕಾನಗರದಲ್ಲಿ ಮಣಿಕಂಠ ಅಂತಿದ್ದಾರೆ. ಅದೇ ಮೆಷೀನ್ ಇದೆ, ಒಳ್ಳೇ ಮನುಷ್ಯ. ಹಗಲಲ್ಲಿ ಹಾಲಿಗೆ ತರಿಸಿ ನೋಡಿ, ಆಮೇಲೆ ತಗೊಳ್ಳಿ." ನಂಬರನ್ನೂ ಬರೆದುಕೊಟ್ಟ.

ಊಟ ಮುಗಿಸಿ ಹೊರಟಾಗ ಚಂದ್ರಮೌಳಿಯವರ ಮನಸ್ಸು ನಿಜಕ್ಕೂ ಹಗುರವಾಗಿತ್ತು. ಆಟೋ ಬೆಂಜ್ ಸರ್ಕಲ್ ದಾಟುವ ತನಕ ಹಗುರವಾಗಿಯೇ ಇತ್ತು. ಆಮೇಲೆ ಹಳೆಯ ಹುಳು ಮಿಸುಕಾಡಿತು. ತನಗೆ ಬರುವ ವ್ಯಾಪಾರವನ್ನು ಯಾರು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾರೆ? ಆ ಮಣಿಕಂಠನಿಂದ ಇವನಿಗೆ ಏನೂ ಸಿಗುವುದಿಲ್ಲವೇ? ಬೇಡ, ಬೇಡ ಎಂದು ತಮಗೆ ತಾವೇ ಎರಡು ಸಲ ಹೇಳಿಕೊಂಡರು. ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನಲ್ಲಿ ಕೂತಾಗ ಬೆರಳು ಆ ನಂಬರನ್ನು ಒತ್ತಿಯೇಬಿಟ್ಟಿತು. ಮೆಷೀನಿನ ವಿಷಯವೆಲ್ಲ ಕೇಳಿ, ಕೊನೆಗೆ ಏನೋ ನೆನಪಾದವರಂತೆ, "ಇದರಲ್ಲಿ ಕಾಮೇಶ್ವರ ಅವರಿಗೇನಾದರೂ ಕಮಿಷನ್ನು..." ಎಂದು ಎಳೆದರು.

ಆ ಕಡೆಯಿಂದ ಮಣಿಕಂಠ ಹೇಳಿದ. "ಇಲ್ಲ ಸರ್, ಒಂದು ರೂಪಾಯಿನೂ ಇಲ್ಲ. ನೀವು ಇದನ್ನ ಕೇಳ್ತೀರಿ ಅಂತ ಅವರು ಈಗ ತಾನೇ ಫೋನ್ ಮಾಡಿ ಹೇಳಿದ್ರು. ಸೋಮವಾರ ಕೇಳ್ತಾರೆ, ಬೇಜಾರು ಮಾಡ್ಕೊಳ್ಳದೆ ನಿಜ ಹೇಳಿಬಿಡಿ ಅಂದಿದ್ರು. ನೀವು ಇವತ್ತೇ ಕೇಳಿದ್ರಿ."

ಚಂದ್ರಮೌಳಿಯವರ ಮುಖ ಬಿಸಿಯಾಯಿತು. ಅರವತ್ತರ ಹತ್ತಿರ ಬಂದ ಮನುಷ್ಯ, ಸುತ್ತ ಜನರಿರುವಾಗ ತಲೆ ಎತ್ತಲಾರದೆ ಕೂತರು. ಅಷ್ಟರಲ್ಲಿ ಭ್ರಮರಾಂಬರ ಫೋನು ಬಂತು. "ಕಾಮೇಶ ಏನಂದ? ಸರಿಹೋಯ್ತಾ?"

ಸುಳ್ಳು ಹೇಳುವುದು ಅವರಿಗೆ ಬಾರದು. ನಡೆದದ್ದೆಲ್ಲ ಹೇಳಿದರು, ಮಣಿಕಂಠನಿಗೆ ಫೋನು ಮಾಡಿದ್ದನ್ನೂ ಸೇರಿಸಿ.

ಭ್ರಮರಾಂಬ ಎಲ್ಲ ಕೇಳಿಸಿಕೊಂಡರು. ಆಮೇಲೆ, "ನಾಳೆ ನಾನು ವಿಜಯವಾಡಕ್ಕೆ ಹೋಗ್ತೀನಿ. ಒಂದು ವಾರ ಅವನ ಮನೇಲಿದ್ದು ಬರ್ತೀನಿ. ನೀವು ಬರಬೇಡಿ. ದಿನಾ ಫೋನ್ ಮಾಡಿ ನಾನು ಎಲ್ಲಿದ್ದೀನಿ ಅಂತಾನೂ ಕೇಳಬೇಡಿ" ಎಂದರು.

"ಆಗಲಿ" ಎಂದರು ಚಂದ್ರಮೌಳಿಯವರು.