ಷಡ್ಡಕನ ಪೂರ್ತಿ ಸಂಬಳದ ರಜೆ

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಕಾರ್ಖಾನೆಯ ಹಾಜರಿ ಕಿಟಕಿಯಲ್ಲಿ ಲೋಬಾನದ ವಾಸನೆ ಬಂತು. ಹರಿಹರದ ಈ ಕಿಟಕಿಯ ಹಿಂದೆ ಕೂತು ಜನರ ಹಾಜರಿ, ಸಂಬಳ ನೋಡಿಕೊಳ್ಳುವುದು ನನ್ನ ಕೆಲಸ. ಗ್ರೀಸು, ಕಬ್ಬಿಣದ ಪುಡಿ, ಕ್ಯಾಂಟೀನಿನ ಒಗ್ಗರಣೆ, ಇವೆಲ್ಲ ನನ್ನ ಮೂಗಿಗೆ ಪರಿಚಯದವು. ಲೋಬಾನಕ್ಕೆ ಇಲ್ಲೇನು ಕೆಲಸ ಎಂದು ತಲೆ ಎತ್ತಿದರೆ, ಸ್ಟೋರಿನ ಇಮ್ತಿಯಾಜ್ ಹಾಜರಿ ಯಂತ್ರಕ್ಕೆ ಬೆರಳೊತ್ತಲು ನಿಂತಿದ್ದ. ವಾಸನೆ ಅವನ ಅಂಗಿಯದು. ಹೆಗಲ ಮೇಲೆ ಒಣಗಿದ ಹಾಲಿನ ಕಲೆಯೂ ಇತ್ತು. ನಾನು ಕೇಳುವ ಮೊದಲೇ ಹಲ್ಲು ಬಿಟ್ಟು ಹೇಳಿದ: "ಮಗಳು ಸರ್. ಎರೆದು, ಹೊಗೆ ಹಿಡಿದು, ನನ್ ಕೈಗೆ ಕೊಟ್ರು. ಕೆಳಗಿಳಿಸಾಕೆ ಮನಸ್ಸಾಗ್ಲಿಲ್ಲ, ಅದಕ್ಕೇ ಲೇಟು."

"ಒಳ್ಳೇದಪ್ಪ" ಎಂದೆ. ನಿಜ ಹೇಳಬೇಕೆಂದರೆ ನನಗೆ ಒಳ್ಳೇದೆಂದು ಅನ್ನಿಸಿರಲಿಲ್ಲ. ಹೊಟ್ಟೆಯೊಳಗಿನ ಹಳೇ ಒಲೆಗೆ ಯಾರೋ ಕೊಳವೆ ಇಟ್ಟು ಊದಿದ ಹಾಗಾಯಿತು. ಆ ಒಲೆ ಮೊದಲು ಹೊತ್ತಿದ್ದು ಹತ್ತು ಹನ್ನೊಂದು ವರ್ಷದ ಹಿಂದೆ, ಶಾಮನೂರಿನ ನಮ್ಮ ಅತ್ತೆಯ ಮನೆಯಲ್ಲಿ. ಹೊತ್ತಿಸಿದವನು ನನ್ನ ಷಡ್ಡಕ.

ಷಡ್ಡಕ, ಅಂದರೆ ನನ್ನ ಹೆಂಡತಿ ಸುಮಾಳ ಅಕ್ಕನ ಗಂಡ. ನಿಮಗೂ ಒಬ್ಬ ಇದ್ದರೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಅಣ್ಣತಮ್ಮಂದಿರ ನಡುವೆ ಹೊಲವೋ ಮನೆಯೋ ಇರುತ್ತದೆ, ಜಗಳಕ್ಕೆ ಮರ್ಯಾದಸ್ಥ ಕಾರಣ ಸಿಗುತ್ತದೆ. ಷಡ್ಡಕರ ನಡುವೆ ಅದೂ ಇಲ್ಲ, ಬರೀ ಹೋಲಿಕೆ. ಒಂದೇ ಪಡಸಾಲೆಯಲ್ಲಿ ಇಬ್ಬರನ್ನೂ ಕೂರಿಸಿ, ಒಂದೇ ಅಳತೆಯ ತಟ್ಟೆ ಇಟ್ಟು, ಮನೆಯವರೆಲ್ಲ ಅಡುಗೆಮನೆಯ ಬಾಗಿಲಿನಿಂದ ನೋಡುತ್ತಾರೆ. ನನ್ನ ಷಡ್ಡಕ ವೀರೇಶ ದಾವಣಗೆರೆಯ ಸರ್ಕಾರಿ ಕಾಲೇಜಿನಲ್ಲಿ ಲೆಕ್ಚರರ್. ವಿದ್ಯಾನಗರದಲ್ಲಿ ಮನೆ. ಕುಡಿಯುವುದಿಲ್ಲ, ಸಿಟ್ಟಾಗುವುದಿಲ್ಲ, ಯಾರಾದರೂ ಮಾತಾಡುವಾಗ ಫೋನು ನೋಡುವುದಿಲ್ಲ. ಅವನಲ್ಲೊಂದು ಹುಳುಕಿದ್ದಿದ್ದರೆ ನನ್ನ ಜೀವನ ಎಷ್ಟೋ ಹಗುರಾಗುತ್ತಿತ್ತು.

ಅಕ್ಕನಿಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಸುಮಾ ಬಸುರಾದ ತಿಂಗಳೇ ಅಕ್ಕನೂ ಬಸುರಾದಳು. ಹೀಗಾಗಿ ಒಂದೇ ಮನೆಯಲ್ಲಿ ಎರಡು ಬಾಣಂತನ. ಅಕ್ಕನಿಗೆ ಗಂಡು, ವಾರ ಕಳೆಯುವುದರೊಳಗೆ ನಮಗೆ ಹೆಣ್ಣು. ಹಳೇ ಮನೆ, ಹಿಂದಿನ ಕೋಣೆಯಲ್ಲಿ ಎರಡು ಮಂಚ, ಎರಡು ತೊಟ್ಟಿಲು, ಎರಡು ಕೆಂಡದ ಬುಟ್ಟಿ. ಬೆಳ್ಳುಳ್ಳಿ ಮತ್ತು ಬಜೆಯ ವಾಸನೆ ಬೀದಿಯವರೆಗೂ ಬರುತ್ತಿತ್ತು.

ನಮ್ಮ ಕಡೆ ಬಾಣಂತನದಲ್ಲಿ ಗಂಡನ ಪಾತ್ರ ಬಹಳ ಸಣ್ಣದು. ಭಾನುವಾರ ಬ್ರೆಡ್ಡು, ಮೋಸಂಬಿ ಹಿಡಿದು ಬರಬೇಕು. ಪಡಸಾಲೆಯಲ್ಲಿ ಕೂತು, ಯಾರಾದರೂ ಕೂಸನ್ನು ತಂದು ತೋರಿಸಿದರೆ ನೋಡಿ, ಉಂಡು ಹೊರಡಬೇಕು. ಎಲ್ಲರಿಗೂ ಗೊತ್ತಿದ್ದ ಈ ಪದ್ಧತಿಯ ನಡುವೆ ವೀರೇಶ ಒಂದು ದಿನ ಸೂಟ್‌ಕೇಸು, ತನ್ನದೇ ದಿಂಬು ಹಿಡಿದು ಆಟೋ ಇಳಿದ. ಪಿತೃತ್ವ ರಜೆಯಂತೆ. ಹದಿನೈದು ದಿನ, ಪೂರ್ತಿ ಸಂಬಳ.

ಅತ್ತೆ ಕಂಗಾಲು. ಅಳಿಯ ಮನೆಯಲ್ಲಿದ್ದರೆ ದಿನವೂ ಒಂದು ಸಿಹಿಯಾಗಬೇಕು, ಬಿಸಿ ರೊಟ್ಟಿಯಾಗಬೇಕು. ನನ್ನನ್ನು ಬಾಗಿಲಲ್ಲೇ ತಡೆದು ಪಿಸುಗುಟ್ಟಿದರು: "ಇಬ್ರು ಬಾಣಂತೇರು ಅಂತ ಸಾಮಾನು ತರ್ಸಿದ್ದೆ. ಈಗ ಮೂವರಾದ್ರಲ್ಲಪ್ಪ!" ನಾನು ಮನಸಾರೆ ನಕ್ಕೆ. ಹಾಗೆ ನಕ್ಕಿದ್ದು ಅದೇ ಕೊನೆ.

ಯಾಕೆಂದರೆ ಎರಡು ದಿನ ಕಳೆಯುವುದರೊಳಗೆ ಅವನು ಅತ್ತೆಯ ಸಿಹಿ ನಿಲ್ಲಿಸಿದ. ನೀರು ಕಾಯಿಸಲು ತಾನೇ ಹಂಡೆಗೆ ಉರಿ ಹಾಕಿದ. ಎರಡೂ ಕೂಸುಗಳ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿದ. ಅಕ್ಕಪಕ್ಕದ ಹೆಂಗಸರು ಗೋಡೆಯ ಮೇಲಿಂದ ಇಣುಕಿ ನೋಡುವಷ್ಟು ಹೆಸರಾಯಿತು. ಸಂಜೆ ಮಾತ್ರ ಪೇಟೆಯಿಂದ ಮಂಡಕ್ಕಿ ಮಿರ್ಚಿ ತಂದು, ಪಥ್ಯದಲ್ಲಿದ್ದ ಅಕ್ಕತಂಗಿಯರ ಎದುರಿಗೇ ತಿನ್ನುತ್ತಿದ್ದನಂತೆ. ಅವನ ಮೇಲೆ ನನಗೆ ಸಿಕ್ಕಿದ ಆರೋಪ ಅದೊಂದೇ.

ನನ್ನ ಕಥೆ ಬೇರೆ. ಮಗಳು ಹುಟ್ಟಿದ ದಿನ ಮತ್ತು ಮರುದಿನ ರಜೆ ಹಾಕಿದ್ದೆ. ಇದ್ದಬದ್ದ ರಜೆಯೆಲ್ಲ ತಮ್ಮನ ಮದುವೆಗೆ ಮುಗಿದಿತ್ತು, ಹಾಗಾಗಿ ಲಾಸ್ ಆಫ್ ಪೇ. ಸಂಬಳ ಮಾಡುವವನು ನಾನೇ ಆದ್ದರಿಂದ, ಮಗಳು ಹುಟ್ಟಿದ ದಿನದ ಸಂಬಳವನ್ನು ನನ್ನ ಕೈಯಾರೆ ಕತ್ತರಿಸಿದೆ. ವೀರೇಶ ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದ: "ನಿಮ್ಮಲ್ಲಿ ಕೊಡಂಗಿಲ್ವಾ? ಒಂದು ಮಾತು ಕೇಳಿ ನೋಡ್ರಿ." ಖಾಸಗಿಯವರು ಅಪ್ಪಂದಿರಿಗೆ ಕೊಡಲೇಬೇಕೆಂಬ ಕಾನೂನಿಲ್ಲ, ಎಲ್ಲಾ ಮಾಲೀಕರ ಮರ್ಜಿ ಎಂದು ನನಗೆ ಗೊತ್ತಿತ್ತು. ಆದರೂ ಹೋಗಿ ಮ್ಯಾನೇಜರನ್ನು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹಡೆದಿದ್ದು ನಿನ್ನ ಹೆಂಡ್ತಿನೋ ನೀನೋ?"

ಆಫೀಸೆಲ್ಲ ನಕ್ಕಿತು, ನಾನೂ ನಕ್ಕೆ. "ನಾನು ನಾಕು ಮಕ್ಳ ತಂದೆ ಕಣಯ್ಯ, ಒಂದು ದಿನ ರಜಾ ಹಾಕ್ಲಿಲ್ಲ. ಬೆಳೀಲಿಲ್ಲೇನು ಮಕ್ಳು?" ಎಂದು ಅವರು ಮತ್ತೆ ಕನ್ನಡಕ ಏರಿಸಿಕೊಂಡರು.

ಆಗ ನಾನು ಹರಿಹರದಲ್ಲೇ ಬಾಡಿಗೆಗಿದ್ದೆ. ಶಿಫ್ಟು ಮುಗಿಸಿ, ದಾವಣಗೆರೆ ಬಸ್ಸು ಹಿಡಿದು, ಅಲ್ಲಿಂದ ಸಿಟಿ ಬಸ್ಸಿನಲ್ಲಿ ಶಾಮನೂರು ಮುಟ್ಟುವ ಹೊತ್ತಿಗೆ ಮಗಳು ಮಲಗಿರುತ್ತಿದ್ದಳು. "ಹೊರಗಿಂದ ಬಂದೀರಿ, ಮುಟ್ಟಬ್ಯಾಡ್ರಿ, ಕೈಕಾಲು ತೊಳ್ಕಳ್ರಿ" ಎನ್ನುತ್ತಿದ್ದರು ಅತ್ತೆ. ತೊಳೆದು ಬಂದರೆ, "ಈಗಷ್ಟೇ ಮಲಗೈತೆ, ಎಬ್ಬಿಸಬ್ಯಾಡ್ರಿ." ಆ ವೇಳೆಗೆ ವೀರೇಶ ಎರಡೂ ತೊಟ್ಟಿಲ ಹಗ್ಗ ಒಂದೇ ಕೈಯಲ್ಲಿ ಎಳೆಯುತ್ತ ಇನ್ನೊಂದು ಕೈಯಲ್ಲಿ ಪೇಪರು ಓದುತ್ತಿರುತ್ತಿದ್ದ. ಪೂರ್ತಿ ಸಂಬಳದ ಪೇಪರು.

ಒಂದು ಭಾನುವಾರ ಹಟ ಹಿಡಿದು ಬೆಳಿಗ್ಗೆ ಮೊದಲ ಬಸ್ಸಿಗೇ ಬಂದೆ. ಕೂಸುಗಳಿಗೆ ಎರೆಯಲು ಹದಡಿಯಿಂದ ಗಂಗಜ್ಜಿ ಎಂಬ ಮುದುಕಿ ಬರುತ್ತಿದ್ದಳು. ಬಚ್ಚಲಲ್ಲಿ ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಮಲಗಿಸಿ, ಹದವಾದ ಬಿಸಿನೀರು ಹೊಯ್ದು, ಲೋಬಾನದ ಹೊಗೆ ಹಿಡಿದು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಬಾಗಿಲಾಚೆ ಕೂತವರ ಕೈಗೆ ಕೊಡುವುದು ಅವಳ ಕ್ರಮ. ನಾನು ಅಂಗಿ ತೋಳು ಮಡಚಿ ಬಾಗಿಲ ಬಳಿ ಕೂತೆ. ಗಂಗಜ್ಜಿ ನನ್ನ ಮಗಳನ್ನು ಸುತ್ತಿಕೊಂಡು ಬಂದವಳು ನನ್ನನ್ನು ದಾಟಿ ನೇರ ವೀರೇಶನ ಕೈಗೆ ಇಟ್ಟಳು. "ತಗಳಪ್ಪ, ನಿನ್ನ ಎರಡನೇದು."

"ಅಜ್ಜಿ, ಅದರ ಅಪ್ಪ ಇವ್ರು" ಎಂದು ವೀರೇಶ ನನ್ನನ್ನು ತೋರಿಸಿದ. ಗಂಗಜ್ಜಿ ಹುಬ್ಬಿಗೆ ಕೈ ಹಚ್ಚಿ ನನ್ನನ್ನು ನೋಡಿದಳು.

"ಅಯ್ಯ! ಈ ಕೂಸಿನ ಅಪ್ಪ ಮಿಲ್ಟ್ರಿಯಾಗೆ ಅದಾನೆ ಅನ್ಕಂಡಿದ್ನಲ್ಲೋ. ರಜಾ ಸಿಕ್ತೇನಪ್ಪ? ಯಾವ ಕಡೀ ಗಡಿ?"

"ಹರಿಹರ" ಎಂದೆ.

ಕೋಣೆಯೊಳಗಿನಿಂದ ಇಬ್ಬರು ಬಾಣಂತಿಯರೂ ನಕ್ಕರು. ನಕ್ಕರೆ ಹೊಲಿಗೆ ನೋಯುತ್ತದೆಂದು ಬೈದುಕೊಳ್ಳುತ್ತ ಮತ್ತೆ ನಕ್ಕರು. ಗಂಗಜ್ಜಿ ಮಾತ್ರ ನಗಲಿಲ್ಲ. "ಇಲ್ಲೇ ಹರಿಹರದಾಗಿದ್ದು ಹಿಂಗ್ಯಾಕಪ್ಪ?" ಎಂದಳು. ಸಂಬಳದ ನಿಯಮಾವಳಿಯನ್ನು ಆ ಮುದುಕಿಗೆ ಹೇಗೆ ಬಿಡಿಸಿ ಹೇಳಲಿ?

ವೀರೇಶ ಮಗಳನ್ನು ನನ್ನ ಕೈಗೆ ಕೊಟ್ಟ. ಅವಳು ಕಣ್ಣು ಬಿಟ್ಟು ಒಮ್ಮೆ ನೋಡಿ ಗಂಟಲು ಕಿತ್ತುಹೋಗುವಂತೆ ಅತ್ತಳು. ತೂಗಿದೆ, ಲಾಲಿಸಿದೆ, ಅಂಗಳಕ್ಕೆ ಹೋಗಿ ಕಾಗೆ ತೋರಿಸಿದೆ. ಕೂಸಿನ ಮುಖ ಕೆಂಪಾಗಿ ಉಸಿರು ಸಿಕ್ಕಿಕೊಂಡಾಗ ಅತ್ತೆ ಹೆದರಿ ಅವಳನ್ನು ಕಿತ್ತುಕೊಂಡು ವೀರೇಶನ ಎಡ ಹೆಗಲಿಗೆ ಹಾಕಿದರು. ಅಳು ನಿಂತಿತು. ನಲ್ಲಿ ತಿರುಗಿಸಿದ ಹಾಗೆ. ಅವನು ಸಂಕೋಚದಿಂದ, "ಬರ್ರಿ, ಹಿಂಗ್ ಹಿಡ್ಕಬೇಕು, ಕುತ್ತಿಗೆ ಕೆಳಗೆ ಕೈ ಕೊಡ್ರಿ" ಎಂದು ನನ್ನ ಮಗಳನ್ನು ಎತ್ತಿಕೊಳ್ಳುವುದನ್ನು ನನಗೆ ಕಲಿಸಲು ಬಂದ. ಅವತ್ತಿನ ಹೊಟ್ಟೆಕಿಚ್ಚನ್ನು ನಾನು ಮುಚ್ಚಿಡುವುದಿಲ್ಲ. ಅವನ ಓದು, ಮನೆ, ಕೆಲಸ, ಯಾವುದನ್ನೂ ನಾನು ಅಷ್ಟು ಬಯಸಿರಲಿಲ್ಲ. ಆ ಎಡ ಹೆಗಲು ನನಗೆ ಬೇಕಾಗಿತ್ತು.

ರಜೆ ಮುಗಿಸಿ ಹೋದವನು ತಿಂಗಳ ಕೊನೆಗೆ ಎರಡು ಬೆಳ್ಳಿ ಉಡಿದಾರ ತಂದ, ಮಗನಿಗೊಂದು, ನನ್ನ ಮಗಳಿಗೊಂದು. "ಎರಡೂ ನಮ್ಮ ಕೂಸೇ ಅಲ್ಲೇನ್ರಿ" ಎಂದ. ಇಂಥವನನ್ನು ಏನು ಮಾಡುವುದು, ನೀವೇ ಹೇಳಿ.

ಈಗ ನಾವೂ ದಾವಣಗೆರೆಗೆ ಬಂದಿದ್ದೇವೆ. ಮಗಳು ಅನು ಶಾಲೆಯಲ್ಲಿ ಏನಾದರೂ ಬಹುಮಾನ ಗೆದ್ದರೆ ಮೊದಲ ಫೋನು ವಿದ್ಯಾನಗರದ ದೊಡ್ಡಪ್ಪನಿಗೆ. ಇದೆಲ್ಲ ಆ ಹದಿನೈದು ದಿನದ ಫಲ ಎಂದು ನಾನು ಗೊಣಗಿದರೆ ಸುಮಾ ಒಪ್ಪುವುದಿಲ್ಲ. "ಅವ್ರು ಆಕಿಗೆ ಗಣಿತ ಹೇಳಿಕೊಡ್ತಾರೆ, ನೀವು ಟೀವಿ ನೋಡ್ತೀರಿ. ಅದಕ್ಕೂ ರಜಾ ಬೇಕೇನ್ರಿ?" ಎನ್ನುತ್ತಾಳೆ. ಆಕೆ ಹೇಳುವುದರಲ್ಲೂ ಸ್ವಲ್ಪ ನಿಜವಿದೆ.

ಇರಲಿ, ಲೋಬಾನಕ್ಕೆ ಬರೋಣ. ನಮ್ಮ ಹಳೇ ಮಾಲೀಕರ ಮಗಳು ಈಗ ಕಾರ್ಖಾನೆ ನೋಡಿಕೊಳ್ಳುತ್ತಾರೆ. ಇಮ್ತಿಯಾಜ್ ಬಂದುಹೋದ ಹಿಂದಿನ ವಾರವಷ್ಟೇ ಅವರು ನನ್ನನ್ನು ಕರೆದು, "ಅಪ್ಪ ಆದವ್ರಿಗೂ ರಜಾ ಕೊಡೋಣ. ಸಂಬಳ ಹೆಂಗೆ ಕೊಡಬೇಕು ಅನ್ನೋದನ್ನ ನೀವೇ ಬರ್ಕಂಡು ಬರ್ರಿ" ಎಂದಿದ್ದರು. ಸುತ್ತಮುತ್ತ ವಿಚಾರಿಸಿದೆ. ಕೆಲವರು ಪೂರ್ತಿ ಕೊಡುತ್ತಾರೆ, ಕೆಲವರು ಮೂಲ ಸಂಬಳ ಮಾತ್ರ. ಇನ್ನು ಕೆಲವರು ರಜೆ ಕೊಟ್ಟು ಸಂಬಳ ಹಿಡಿದು ಅದನ್ನೂ ಉಪಕಾರ ಎನ್ನುತ್ತಾರೆ. ನಾನು ಅರ್ಧ ಸಂಬಳ ಎಂದು ಬರೆದು, ಇಮ್ತಿಯಾಜ್ ಬರುವ ಹಿಂದಿನ ದಿನ ಮೇಡಂ ಕಿವಿಗೂ ಹಾಕಿದ್ದೆ. ನನಗೆ ಸಿಕ್ಕಿದ್ದಕ್ಕಿಂತ ಜಾಸ್ತಿಯೇ ಆಯಿತಲ್ಲ ಎಂದು ಬೆನ್ನು ತಟ್ಟಿಕೊಂಡೆ.

ಇಮ್ತಿಯಾಜನಿಗೆ ಅದನ್ನು ಹೇಳಿದಾಗ ಅವನ ಮುಖ ಅರಳಿ, ಮತ್ತೆ ಮಡಚಿಕೊಂಡಿತು. "ಅರ್ಧ ಅಂದ್ರೆ ಬ್ಯಾಡ ಸರ್, ಡ್ಯೂಟಿಗೇ ಬರ್ತೀನಿ. ಬಾಡಿಗೆ ಅರ್ಧ ಆಗಂಗಿಲ್ವಲ್ಲ."

"ನಮ್ಮ ಕಾಲದಾಗೆ ಇದೂ ಇರ್ಲಿಲ್ಲಪ್ಪ. ಬೆಳೀಲಿಲ್ಲೇನು ನಮ್ಮ ಮಕ್ಳು?" ಎಂದೆ. ಎಂದ ಕೂಡಲೇ ನನ್ನ ಕೈ ಕನ್ನಡಕದ ಮೇಲಿರುವುದು ಗಮನಕ್ಕೆ ಬಂತು. ಹಳೇ ಮ್ಯಾನೇಜರು ತೀರಿಕೊಂಡು ಎಷ್ಟೋ ದಿನವಾಗಿತ್ತು, ಅವರ ಮಾತಿಗೆ ಮಾತ್ರ ನನ್ನ ಬಾಯಲ್ಲಿ ಜಾಗ ಸಿಕ್ಕಿತ್ತು.

ಅವನು ಹೊರಟ. ನನಗೇನನ್ನಿಸಿತೋ, ಕರೆದು ಕೇಳಿದೆ. "ನಿನಗೆ ಷಡ್ಡಕ ಅದಾನೇನಪ್ಪ?"

"ಹಾಂ ಸರ್, ರೈಲ್ವೇದಾಗೆ ಅದಾರೆ. ನಮ್ಮ ಅತ್ತೆ ಮನೆ ಪಕ್ಕದಾಗೇ ಕ್ವಾರ್ಟ್ರಸ್ಸು. ಭಾಳ ಒಳ್ಳೇರು. ನಾನು ಇಲ್ದಾಗ ಮಗೂನ ಅವ್ರೇ ಎತ್ಕಂತಾರೆ."

ನಾನು ಕಾಗದ ಎಳೆದುಕೊಂಡು 'ಅರ್ಧ'ಕ್ಕೆ ಗೀಟು ಹಾಕಿದೆ.

ಮೇಡಂ ಸುಲಭಕ್ಕೆ ಒಪ್ಪಲಿಲ್ಲ. "ನಿನ್ನೆ ಅರ್ಧ ಅಂದಿದ್ರಲ್ರಿ?" ಎಂದರು. "ಅರ್ಧ ಕೊಟ್ರೆ ಯಾರೂ ತಗಳಂಗಿಲ್ಲ ಮೇಡಂ. ತಗಳದ ರಜಾ ಕೊಟ್ಟು ಏನು ಉಪಯೋಗ?" ಎಂದೆ. ಬಹಳ ಹೊತ್ತು ಲೆಕ್ಕ ಹಾಕಿ ಪೂರ್ತಿ ಸಂಬಳಕ್ಕೆ ಹೂಂ ಎಂದರು, ದಿನ ಮಾತ್ರ ಹದಿನೈದಾಗದು, ಹತ್ತು ಎಂದರು. ಅಲ್ಲಿಯೂ ವೀರೇಶನೇ ಗೆದ್ದ.

ಇಮ್ತಿಯಾಜ್ ಈಗ ರಜೆಯಲ್ಲಿದ್ದಾನೆ. ಕಿಟಕಿಯಲ್ಲಿ ಮತ್ತೆ ಗ್ರೀಸು, ಒಗ್ಗರಣೆ ಅಷ್ಟೇ. ರಜೆಯಲ್ಲಿದ್ದವರ ಸಂಬಳದ ಗುರುತನ್ನು ದಿನವೂ ಬೆಳಿಗ್ಗೆ ಕಂಪ್ಯೂಟರಿನಲ್ಲಿ ನಾನೇ ಹಾಕಬೇಕು. ಅವನ ಹೆಸರಿನ ಮುಂದೆ 'ಪೂರ್ತಿ' ಎಂದು ಒತ್ತುವಾಗ, ಈಗ ಅವನ ಕೈಗೆ ಕೂಸು ಬಂದಿರುತ್ತದೆ, ಬೆಚ್ಚಗಿರುತ್ತದೆ, ಹೊಗೆಯ ವಾಸನೆ ಬರುತ್ತಿರುತ್ತದೆ ಎಂದು ನೆನಪಾಗುತ್ತದೆ. ಉದಾರ ಮನಸ್ಸಿನಿಂದ ಒತ್ತುತ್ತೇನೆ ಎಂದು ನಾನು ನಿಮಗೆ ಸುಳ್ಳು ಹೇಳುವುದಿಲ್ಲ. ಇವತ್ತೂ ಹೊಟ್ಟೆ ಉರಿಯಿತು. ಇವತ್ತೂ ಒತ್ತಿದೆ.