ನನ್ನ ಕೈಯ ಕಣಗಿಲೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ನನ್ನ ಕೈಗೆ ಒಳ್ಳೆಯ ಹೆಸರಿರಲಿಲ್ಲ, ಮಕ್ಕಳೇ. ಅಕ್ಕ ಒಣಕಡ್ಡಿ ನೆಟ್ಟರೂ ಚಿಗುರುತ್ತದೆ, ನಾನು ಮುಟ್ಟಿದರೆ ಹಸಿರು ಗಿಡವೂ ಬಾಡುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಅದಕ್ಕೆ ಕಾರಣವಿತ್ತು. ಎರಡು ವರ್ಷ ಜೂನ್ ತಿಂಗಳಲ್ಲಿ, ಬಿಟ್ಟುಬಂದ ಮಂಡ್ಯದ ಮಳೆಗಾಲದ ಲೆಕ್ಕ ಹಿಡಿದು, ಅಪ್ಪ ನನ್ನ ಕೈಯಿಂದ ಹಿತ್ತಲಲ್ಲಿ ಕಣಗಿಲೆ ನೆಡಿಸಿದ್ದರು. ಎರಡೂ ಸಲ ಈ ದೇಶದ ನಮ್ಮ ಊರು ಲಿವರ್‌ಮೋರಿನ ಬಿಸಿಲಿಗೆ ಗಿಡಗಳು ಹಪ್ಪಳವಾದವು. ಬೈಗುಳವೆಲ್ಲ ನನ್ನ ಕೈಗೆ.

ಫ್ರೀವೇ ಎಂಬ ಹೆದ್ದಾರಿಯ ನಡುವೆ ಮಾತ್ರ ಯಾರೂ ಕೇಳದ ಕಣಗಿಲೆ ರಾಶಿ ರಾಶಿ ಹೂ ಬಿಡುತ್ತಿತ್ತು. ಕಾರಿನಲ್ಲಿ ಹೋಗುವಾಗ ಅಮ್ಮ, "ನಮ್ಮ ದೇವರಿಗೆ ನಾಲ್ಕು ಹೂವಿಲ್ಲ, ಇಲ್ಲಿ ನೋಡಿದ್ರೆ ಲಾರಿಗಳಿಗೆ ಪೂಜೆ!" ಎಂದು ನಿಟ್ಟುಸಿರು ಬಿಡುತ್ತಿದ್ದಳು.

ಕೊನೆಗೆ ಪಕ್ಕದ ಮನೆಯ ಮುದುಕರೊಬ್ಬರು ಅಪ್ಪನಿಗೆ ಬುದ್ಧಿ ಹೇಳಿದರು. ಇಲ್ಲಿ ಮಳೆ ಬರುವುದು ಚಳಿಗಾಲಕ್ಕೆ. ಎಲೆ ಉದುರುವ ಹೊತ್ತಿನಲ್ಲೇ ಗಿಡ ನೆಡಬೇಕು. ಹಾಗೆ ನವೆಂಬರಿನ ಒಂದು ಭಾನುವಾರ ಹತ್ತು ಕಣಗಿಲೆ, ಒಂದು ದಾಳಿಂಬೆ ನಮ್ಮ ಹಿತ್ತಲಿಗೆ ಬಂದವು. ಗುಂಡಿ ತೋಡುವುದು ಅಪ್ಪ ಮತ್ತು ನಾನು. ಗಿಡ ಇಡುವುದು ಬರ್ಕ್ಲಿಯಲ್ಲಿ ಓದುತ್ತಿದ್ದ ಅಕ್ಕ, ಮಧ್ಯಾಹ್ನ ಬಂದು.

ಅಲ್ಲಿನ ಜೇಡಿಮಣ್ಣು ಬೇಸಿಗೆಯಿಡೀ ಬೆಂದು ಇಟ್ಟಿಗೆಯಾಗಿತ್ತು. ಹಾರೆ ಹಾಕಿದರೆ ಠಣ್ ಎಂದು ಹಿಂದಕ್ಕೆ ಚಿಮ್ಮಿ ತೋಳೆಲ್ಲ ಜುಮ್ಮೆನ್ನುತ್ತಿತ್ತು. ಮೂಗಿನ ತುಂಬ ಒಣಹುಲ್ಲಿನ, ದೂಳಿನ ವಾಸನೆ. ವಾರವಿಡೀ ಆಫೀಸಿನಲ್ಲಿ ದುಡಿದ ಅಪ್ಪ ಗುಂಡಿಗೊಮ್ಮೆ ಸೊಂಟ ಹಿಡಿದು ನಿಲ್ಲುತ್ತಿದ್ದರು. ಏಳನೆಯ ಗುಂಡಿಯ ಹೊತ್ತಿಗೆ ನನ್ನ ಅಂಗೈಯ ಬೊಬ್ಬೆಗಳು ಒಡೆದಿದ್ದವು. ಗುಡ್ಡದಾಚೆ ಮೋಡ ಕಟ್ಟುತ್ತಿತ್ತು.

ಹನ್ನೊಂದನೆಯದು ಮುಗಿಯುವಾಗ ಮನೆಯೊಳಗೆ ಫೋನು ಬಂತು. ಅಮ್ಮ ಬಾಗಿಲಿಗೆ ಬಂದು, "ಅವಳಿಗೆ ನಾಳೆ ಪರೀಕ್ಷೆಯಂತೆ, ಬರಲ್ವಂತೆ. ಮುಂದಿನ ವಾರ ನೆಟ್ರಾಯ್ತು ಬಿಡಿ," ಎಂದಳು.

ಅಪ್ಪ ಮಣ್ಣಗುಡ್ಡೆಯ ಮೇಲೆ ಕುಸಿದು ಕೂತರು. "ಮಳೆ ಬಂದ್ರೆ ಗುಂಡಿ ಎಲ್ಲಾ ಮುಚ್ಕೊಳ್ಳುತ್ತೆ ಕಣೇ. ಇನ್ನೊಂದ್ಸಲ ತೋಡೋ ಶಕ್ತಿ ನಂಗಿಲ್ಲ." ನನ್ನ ಕಡೆ ತಿರುಗಿ, "ನೀನೇ ಇಡೋ," ಎಂದರು.

"ಬೇಡಪ್ಪ, ಸತ್ತೋಗ್ತವೆ." ನನಗೆ ಅಳು ಬಂದಿತ್ತು. ಮೂರನೆಯ ಸಲವೂ ಒಣಗಿದರೆ ನನ್ನ ಕೈಯನ್ನು ಇನ್ನು ಯಾರೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ ಎಂಬ ಭಯ.

ಅಪ್ಪ ನನ್ನ ಅಂಗೈ ತಿರುವಿ ನೋಡಿದರು. "ಜೂನಲ್ಲಿ ನೆಡಿಸಿದ್ದು ನಾನು. ತಪ್ಪು ನಂದು, ಬೈಸ್ಕೊಂಡಿದ್ದು ಇದು. ಇಡು ಬಾ."

ಅಮ್ಮ ಒಳಗೆ ಹೋಗಿ ಹಳೆಯ ಸೀರೆಯ ಚೂರು ತಂದು ನನ್ನ ಎರಡೂ ಕೈಗೆ ಬಿಗಿಯಾಗಿ ಕಟ್ಟಿದಳು. "ಕಣಗಿಲೆ ಹಾಲು ವಿಷ, ಗಾಯಕ್ಕೆ ತಾಗಬಾರದು," ಎಂದಳು, ಅಷ್ಟೆ. ನಾನು ಒಂದೊಂದೇ ಗಿಡ ಇಟ್ಟು ಮಣ್ಣು ಒತ್ತುತ್ತಾ ಹೋದೆ. ಕೊನೆಯ ದಾಳಿಂಬೆಗೆ ಬರುವಾಗ ದಪ್ಪ ಹನಿ ಬಿತ್ತು. ಅಪ್ಪ ಕೂತಲ್ಲೇ ನಿದ್ದೆಹೋಗಿದ್ದರು. ಹನಿ ಬೋಳುತಲೆಗೆ ಬಿದ್ದರೂ ಏಳಲಿಲ್ಲ.

ಎರಡು ಕಣಗಿಲೆ ಹೋದವು, ಉಳಿದವು ಬದುಕಿದವು. ಮರುಬೇಸಿಗೆಗೆ ಅಮ್ಮನ ದೇವರ ತಟ್ಟೆಯಲ್ಲಿ ಗುಲಾಬಿ ಬಣ್ಣದ ಹೂಗಳಿದ್ದವು. ನನ್ನ ಕೈಯನ್ನು ಹಳಿಯುವ ಮಾತು ಮತ್ತೆ ಬರಲಿಲ್ಲ.

ನಿಮ್ಮ ಹಿತ್ತಲಿಗೆ ತೋಟದವರು ಬರುತ್ತಾರೆ. ನೀರು ಫೋನಿನ ಮಾತು ಕೇಳಿ ತಾನೇ ಹರಿಯುತ್ತದೆ. ನಿಮ್ಮ ಅಂಗೈಗಳು ಮೆತ್ತಗಿವೆ, ಇರಲಿ. ಆದರೆ ಮೊನ್ನೆ ಶಾಲೆಯಿಂದ ತಂದ ಹುರುಳಿಕಾಯಿ ಸಸಿ ಒಣಗಿದಾಗ ನಿಮ್ಮಲ್ಲೊಬ್ಬರು ಮುಖ ಚಿಕ್ಕದು ಮಾಡಿಕೊಂಡು, "ಐ ಕಿಲ್ಡ್ ಇಟ್, ತಾತ," ಎಂದರಲ್ಲ, ಅದಕ್ಕೇ ಇಷ್ಟೆಲ್ಲ ಹೇಳಿದೆ. ಅಪ್ಪನ ಸೊಂಟನೋವು ಈಗ ನನಗೆ ಬಂದಿದೆ. ಗುಂಡಿ ನೀವೇ ತೋಡಬೇಕು. ಆ ಕೈ ಇತ್ತ ಕೊಡಿ. ಮೊದಲು ಇದು ಯಾವ ತಿಂಗಳೆಂದು ನೋಡೋಣ.